ಹಿತ್ತಲಿನ ಕರಿಹಲಗೆಗೆ ಪ್ಲೈವುಡ್ ಬೇಡ, ಫರಸಿ ಕಲ್ಲು ಇರಲಿ

ಮಕ್ಕಳಿಗಾಗಿ ಹಿತ್ತಲಿನಲ್ಲಿ ಕಡಿಮೆ ಖರ್ಚಿನ ಕರಿಹಲಗೆ ಮಾಡಲು ಪ್ಲೈವುಡ್‌ಗೆ ಬೋರ್ಡ್ ಪೇಂಟ್ ಎಷ್ಟು ಸಲ ಹಚ್ಚಬೇಕು ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಕಲಬುರಗಿಯ ಬಣ್ಣದ ಅಂಗಡಿಯೊಂದರಲ್ಲಿ ನಾನೂ ಇದನ್ನೇ ಕೇಳಿದ್ದೆ. ಆಗ ನಮ್ಮ ಓಣಿಯ ಏಳೆಂಟು ಮಕ್ಕಳು ಸಂಜೆ ಹಿತ್ತಲಿನ ಬೇವಿನ ಮರದ ಕೆಳಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದರು. ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ತಂದು, ಉಸುಕಿನ ಕಾಗದದಿಂದ ಉಜ್ಜಿ, ಒಂದರ ಮೇಲೊಂದು ಮೂರು ಸಲ ಬಣ್ಣ ಹಚ್ಚಿ, ಕಂಪೌಂಡ್ ಗೋಡೆಗೆ ಆನಿಸಿ ನಿಲ್ಲಿಸಿದೆ. ಬಡಿಗರ ಕೂಲಿಯೂ ಸೇರಿ ಹತ್ತಿರ ಹತ್ತಿರ 1,900 ರೂಪಾಯಿ ಖರ್ಚಾಯಿತು.

ನನ್ನ ತಪ್ಪು ಬಣ್ಣದಲ್ಲಿ ಇರಲಿಲ್ಲ, ಹಲಗೆಯ ಅಂಚಿನಲ್ಲಿ ಇತ್ತು. ಪ್ಲೈವುಡ್ ಎಂದರೆ ತೆಳುವಾದ ಮರದ ಪದರುಗಳನ್ನು ಅಡ್ಡಡ್ಡ ಇಟ್ಟು ಅಂಟಿಸಿದ ಹಲಗೆ. ಅದನ್ನು ಕೊಯ್ದಾಗ ನಾರುಗಳ ಬಾಯಿ ಅಂಚಿನಲ್ಲಿ ತೆರೆದುಕೊಳ್ಳುತ್ತದೆ, ಮತ್ತು ದೀಪದ ಬತ್ತಿ ಎಣ್ಣೆ ಹೀರುವಂತೆ ಆ ಅಂಚು ನೀರನ್ನು ಹೀರುತ್ತದೆ. ನಾನು ಮುಖಕ್ಕೆ ಮೂರು ಸಲ ಬಣ್ಣ ಹಚ್ಚಿದವಳು ನಾಲ್ಕು ಅಂಚುಗಳಿಗೂ ಬೆನ್ನಿಗೂ ಒಂದು ಸಲವೂ ಹಚ್ಚಲಿಲ್ಲ. ಸಾಲದೆಂಬಂತೆ ಕೆಳಗಿನ ಅಂಚನ್ನು ನೇರವಾಗಿ ನೆಲದ ಮೇಲೆಯೇ ಊರಿದ್ದೆ. ಹಿಂಬದಿಯಿಂದ ಒಳಹೊಕ್ಕ ತೇವಕ್ಕೆ ಮುಂದಿನ ಬಣ್ಣದ ಪದರವೇ ತಡೆಯಾಗಿ, ಅದು ಮುಖದ ಕಡೆಯಿಂದ ಹೊರಬರಲು ದಾರಿಯಿಲ್ಲದಂತಾಯಿತು. ಹಲಗೆಯ ಮೇಲೆ ಎಂ.ಆರ್. ಎಂದು ಮುದ್ರೆ ಇತ್ತು. ಆ ದರ್ಜೆಯ ಅಂಟು ಗಾಳಿಯ ತೇವವನ್ನು ತಾಳುತ್ತದೆಯೇ ಹೊರತು ಸುರಿಯುವ ಮಳೆಯನ್ನಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಹೊರಗಿಡುವುದಕ್ಕೆ ನೀರನ್ನು ತಾಳುವ ದರ್ಜೆಯ, ಐ.ಎಸ್. 710 ಮುದ್ರೆಯ ಹಲಗೆ ಬೇಕು, ಅದರ ಬೆಲೆ ನಿಮ್ಮ ಕಡಿಮೆ ಖರ್ಚಿನ ಲೆಕ್ಕಕ್ಕೆ ಹೊಂದುವುದಿಲ್ಲ.

ಮೇ ತಿಂಗಳ ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಹಲಗೆ ಮೊದಲು ಬಾಗಿತು. ಮಳೆಗಾಲದ ನಡುವೆ ಕೆಳಗಿನ ಮೂಲೆ ಉಬ್ಬಿ ಎರಡರಷ್ಟು ದಪ್ಪವಾಯಿತು. ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತಿತ್ತು. ಏಳರ ಮಗ್ಗಿ ಬರೆದಿದ್ದ ಜಾಗದಲ್ಲಿ ಬಣ್ಣ ಗುಳ್ಳೆಯೆದ್ದು, ಸೀಮೆಸುಣ್ಣ ತಾಗಿದೊಡನೆ ಅಂಕಿಯ ಸಮೇತ ಕಳಚಿ ಬಿತ್ತು. ಅದನ್ನು ನೋಡಿದ ಮಕ್ಕಳ ಮುಖ ನನಗೆ ಇಂದಿಗೂ ನೆನಪಿದೆ.

ಅದೇ ವಾರ ಗೋಡೆ ರಿಪೇರಿಗೆ ಬಂದಿದ್ದ ಗೌಂಡಿ, "ಅಕ್ಕೋರೆ, ಕಟಗಿ ಯಾಕ್ರಿ? ಮೂಲ್ಯಾಗ ಫರಸಿ ಬಿದ್ದಾವಲ್ರಿ" ಎಂದರು. ಫರಸಿ ಎಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ಅಂಗಳಕ್ಕೆ ಹಾಸಿ ಉಳಿದಿದ್ದ ಶಹಾಬಾದ್ ಕಲ್ಲುಗಳು ಅಲ್ಲಿ ವರ್ಷಗಳಿಂದ ಮಳೆಯಲ್ಲಿ ನೆನೆಯುತ್ತ ಬಿದ್ದಿದ್ದವು, ಆದರೂ ಅವುಗಳಿಗೆ ಏನೂ ಆಗಿರಲಿಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳ ಕಲ್ಲನ್ನು ಕಾಲಡಿಯಲ್ಲೇ ಇಟ್ಟುಕೊಂಡಿರುವ ನಮ್ಮ ಜಿಲ್ಲೆಯವರು ಹೊರಗಿನ ಹಲಗೆಗಾಗಿ ಮರ ಕೊಳ್ಳಬಾರದು ಎಂಬುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ.

ಎರಡಡಿಗೆ ಮೂರಡಿಯ, ಒಂದಿಂಚು ದಪ್ಪದ, ಕಡುಬೂದು ಬಣ್ಣದ ಕಲ್ಲನ್ನು ಆರಿಸಿಕೊಳ್ಳಿ. ಪಾಲಿಶ್ ಮಾಡಿದ್ದು ಬೇಡ, ಅದರ ಮೇಲೆ ಸೀಮೆಸುಣ್ಣ ಜಾರುತ್ತದೆ. ತೀರಾ ಒರಟಾದದ್ದೂ ಬೇಡ, ಅಕ್ಷರ ಒಡೆಯುತ್ತದೆ. ಅಂಗೈ ಸವರಿದಾಗ ಹಳೆಯ ಪಾಟಿಯಂತೆ ತುಸು ತರಿಯಾಗಿ ಹತ್ತಬೇಕು. ಅಂಗಡಿಗೆ ಹೋಗುವಾಗ ಒಂದು ಸೀಮೆಸುಣ್ಣವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬರೆದು ನೋಡಿಯೇ ಕೊಳ್ಳಿ. ಇಂತಹ ಒಂದು ಕಲ್ಲು ಸುಮಾರು 38 ಕಿಲೋ ತೂಗುವುದರಿಂದ ಅದನ್ನು ಗೋಡೆಗೆ ಸುಮ್ಮನೆ ಒರಗಿಸಿ ಇಡಲೇಬೇಡಿ, ಮಗುವೊಂದು ಎಳೆದರೆ ಅಪಾಯ. ನೆಲದಿಂದ ಎರಡಡಿ ಎತ್ತರದಲ್ಲಿ ಇಟ್ಟಿಗೆಯ ಆಧಾರ ಕಟ್ಟಿಸಿ, ಕಲ್ಲನ್ನು ಅದರ ಮೇಲೆ ಕೂರಿಸಿ, ಹಿಂದೆ ಪೂರ್ತಿ ಸಿಮೆಂಟ್ ತುಂಬಿಸಿ ಗೋಡೆಗೆ ಕಚ್ಚಿಸಬೇಕು. ಸಂಜೆಯ ಹೊತ್ತು ನೆರಳು ಬೀಳುವ ಗೋಡೆಯನ್ನೇ ಆರಿಸಿ. ದಿನವಿಡೀ ಬಿಸಿಲುಂಡ ಕಲ್ಲಿನ ಮೇಲೆ ಮಕ್ಕಳು ಕೈ ಇಡಲಾರರು.

ನನಗೆ ತಗುಲಿದ್ದು ಸಿಮೆಂಟ್ ಮತ್ತು ಗೌಂಡಿಯ ಅರ್ಧ ದಿನದ ಕೂಲಿ ಮಾತ್ರ. ಕಲ್ಲಿಗೆ ಬಣ್ಣ ಹಚ್ಚಿಲ್ಲ, ಹಚ್ಚುವ ಅಗತ್ಯವೂ ಇಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಬರೆಯುತ್ತೇವೆ. ಕಲೆ ತೆಗೆಯಲು ಆ್ಯಸಿಡ್ ಮಾತ್ರ ಮುಟ್ಟಿಸಬೇಡಿ. ಇದು ಸುಣ್ಣದ ಕಲ್ಲು, ನೊರೆಯೆದ್ದು ಮೈ ತಿಂದುಹೋಗುತ್ತದೆ.

ಪ್ಲೈವುಡ್ ಆಗಲೇ ಕೊಂಡುಬಿಟ್ಟಿದ್ದರೆ ಅದಕ್ಕೆ ಎರಡು ಸಲ ಬಣ್ಣ ಹಚ್ಚಿ, ಮಳೆಯ ಇರಚಲು ತಾಗದ ಪಡಸಾಲೆಯ ಒಳಗೋಡೆಗೆ ತೂಗುಹಾಕಿ.