ಸಿನಿಮಾ ಆಧಾರಿತ ವಿಆರ್ ಆಟಗಳು ಕಾಸಿಗೆ ತಕ್ಕ ಕಜ್ಜಾಯವೇ?

ಮನೆಗೆ ಹೊಸದಾಗಿ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಆಟದ ಲೋಕವನ್ನೇ ಸುತ್ತಲೂ ತೋರಿಸುವ ಸಾಧನ ಬಂದಿದೆ, ಮೆಚ್ಚಿದ ಸಿನಿಮಾಗಳ ಹೆಸರಿನಲ್ಲಿರುವ ಆಟಗಳನ್ನು ಹಣ ಕೊಟ್ಟು ಕೊಳ್ಳಬಹುದೇ ಎಂದು ತಾವು ಕೇಳಿದ್ದೀರಿ. ಕೆಲವನ್ನು ಖಂಡಿತವಾಗಿ ಕೊಳ್ಳಬಹುದು. ಆದರೆ ಆರಿಸುವಾಗ ಸಿನಿಮಾ ಎಷ್ಟು ಚೆನ್ನಾಗಿತ್ತು ಎಂಬುದನ್ನು ಬದಿಗಿಟ್ಟು, ಆ ಆಟ ನಿಮ್ಮ ಎರಡು ಕೈಗಳಿಗೆ ಏನು ಕೆಲಸ ಕೊಡುತ್ತದೆ ಎಂಬುದನ್ನು ನೋಡಬೇಕು. ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯ ಹಜಾರದಲ್ಲಿ ಮೂರು ವರ್ಷಗಳಿಂದ ಆಡುತ್ತಿರುವ ನನಗೆ ಈ ಮಾತು ಮನದಟ್ಟಾದದ್ದು ಸಾಕಷ್ಟು ಹಣ ಖರ್ಚಾದ ಮೇಲೆ.

ನಾನು ಮೊದಲು ಹೆಸರಿಸುವುದು 2018ರಲ್ಲಿ ಸರ್ವಿಯೋಸ್ ಸಂಸ್ಥೆ ತಂದ 'ಕ್ರೀಡ್: ರೈಸ್ ಟು ಗ್ಲೋರಿ'. ಬಾಕ್ಸಿಂಗ್ ಸಿನಿಮಾವನ್ನು ಆಧರಿಸಿದ ಈ ಆಟದಲ್ಲಿ ಕಥೆ ತೀರಾ ತೆಳುವಾಗಿದೆ, ಆದರೂ ಅದರ ಒಂದು ಉಪಾಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಲೆಕ್ಕವಿಲ್ಲದೆ ಗುದ್ದುತ್ತಾ ಹೋದರೆ ಆಟದೊಳಗಿನ ಬಾಕ್ಸರ್ ದಣಿಯುತ್ತಾನೆ. ಆಗ ನಿಮ್ಮ ಕೈ ಎಷ್ಟೇ ವೇಗವಾಗಿ ಚಾಚಿದರೂ ಕಣ್ಣೆದುರಿನ ಗ್ಲೌಸ್ ನಿಧಾನವಾಗಿ, ಕೈಯ ಹಿಂದೆ ತೆವಳಿಕೊಂಡು ಬರುತ್ತದೆ. ನೆಲಕ್ಕೆ ಬಿದ್ದಾಗಲಂತೂ ನೀವು ನಿಮ್ಮ ದೇಹದಿಂದಲೇ ದೂರ ಎಸೆಯಲ್ಪಟ್ಟು, ಎರಡೂ ತೋಳುಗಳನ್ನು ಬೀಸುತ್ತಾ ಅದರ ಬಳಿಗೆ ಓಡಿ ಬರಬೇಕು. ಮಂಡ್ಯದಿಂದ ಬಂದಿದ್ದ ಚಿಕ್ಕಪ್ಪನ ಮಗ ಆ ಸಿನಿಮಾದ ಒಂದು ದೃಶ್ಯವನ್ನೂ ನೋಡಿದವನಲ್ಲ; ಮೂರನೇ ಸುತ್ತಿನ ಹೊತ್ತಿಗೆ ಅವನ ಬನಿಯನ್ ಪೂರ್ತಿ ನೆನೆದಿತ್ತು, ಹೆಡ್‌ಸೆಟ್ ತೆಗೆದವನೇ ನೀರು ಕೇಳಿ, ಕುಡಿದು, ಮತ್ತೆ ಹಾಕಿಕೊಂಡ.

ಅದನ್ನು ನೋಡುತ್ತಾ ಕುಳಿತಿದ್ದ ನಮ್ಮ ದೊಡ್ಡಪ್ಪ, ಹರೆಯದಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿದವರು, ಇದರಲ್ಲಿ ಕುಸ್ತಿ ಆಡಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ, ಏಕೆಂದರೆ ಕುಸ್ತಿಯಲ್ಲಿ ಎದುರಾಳಿಯ ಭಾರ ಕೈಗೆ ಸಿಗಬೇಕು, ಎರಡು ಕೈಗಳಲ್ಲಿ ಹಿಡಿದು ಆಡುವ ಕಂಟ್ರೋಲರ್ ಕೊಡುವುದು ಬರಿಯ ಕಂಪನವನ್ನು. ಗಾಳಿಯಲ್ಲಿ ಬೀಸುವ ಮುಷ್ಟಿ, ಹಗುರವಾದ ಕತ್ತಿ, ಪಿಸ್ತೂಲು, ಹಾರಾಟ ಇಂಥವು ವಿಆರ್‌ನಲ್ಲಿ ಒದಗಿ ಬರುತ್ತವೆ. ಎತ್ತುವುದು, ತಬ್ಬುವುದು, ಹತ್ತಿರದಿಂದ ಸೆಣಸುವುದು ಬರುವುದಿಲ್ಲ. ದೊಡ್ಡಪ್ಪನ ಆ ಒಂದು ಪ್ರಶ್ನೆಯಿಂದಲೇ ನಾನು ಈಗ ಪ್ರತಿಯೊಂದು ಆಟವನ್ನೂ ಅಳೆಯುತ್ತೇನೆ.

'ಐರನ್ ಮ್ಯಾನ್ ವಿಆರ್' ಈ ಅಳತೆಗೆ ಸರಿಯಾಗಿ ನಿಲ್ಲುತ್ತದೆ. 2020ರಲ್ಲಿ ಪ್ಲೇಸ್ಟೇಷನ್‌ನ ವಿಆರ್ ಹೆಡ್‌ಸೆಟ್‌ಗೂ 2022ರಲ್ಲಿ ಮೆಟಾ ಸಂಸ್ಥೆಯ ಕ್ವೆಸ್ಟ್ ಹೆಡ್‌ಸೆಟ್‌ಗೂ ಬಂದ ಇದರ ಕಥೆ ಯಾವ ಸಿನಿಮಾದ್ದೂ ಅಲ್ಲ, ಸ್ವತಂತ್ರವಾದದ್ದು. ಆದರೆ ಅಂಗೈಯನ್ನು ಹಿಂದಕ್ಕೆ ತಿರುಗಿಸಿದರೆ ಮುಂದಕ್ಕೆ, ಕೆಳಕ್ಕೆ ತಿರುಗಿಸಿದರೆ ಮೇಲಕ್ಕೆ ಹಾರುವ ಆ ಅನುಭವಕ್ಕಾಗಿಯೇ ಅದನ್ನು ಕೊಳ್ಳಬಹುದು.

'ಸ್ಟಾರ್ ವಾರ್ಸ್' ಸಿನಿಮಾಗಳ ಖಳನಾಯಕ ಡಾರ್ತ್ ವೇಡರ್‌ನ ಹೆಸರಿನಲ್ಲಿ, ಮೂರು ಭಾಗಗಳಲ್ಲಿ 2019ರಲ್ಲಿ ಬಂದ 'ವೇಡರ್ ಇಮ್ಮಾರ್ಟಲ್' ವಿಷಯದಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಒಂದೊಂದು ಭಾಗವೂ ಒಂದು ಗಂಟೆಯ ಒಳಗೇ ಮುಗಿಯುತ್ತದೆ, ಮತ್ತು ಅದರಲ್ಲಿ ಬಹುಪಾಲು ಸಮಯ ನೀವು ನಿಂತು ನೋಡುವವರೇ. ಕಪ್ಪು ಮುಖವಾಡದ ಆ ವೇಡರ್ ಉಸಿರಾಡುತ್ತಾ ಒಂದು ಗೇಣು ದೂರದಲ್ಲಿ ನಿಂತಾಗ ನಾನು ನಿಜವಾಗಿಯೂ ಒಂದು ಹೆಜ್ಜೆ ಹಿಂದಕ್ಕೆ ಸರಿದೆ, ಆದರೆ ಎರಡನೆಯ ಸಲ ಆಡಿದಾಗ ಸರಿಯಲಿಲ್ಲ. ತಿಂಗಳುಗಟ್ಟಲೆ ನನ್ನನ್ನು ಹಿಡಿದಿಟ್ಟದ್ದು ಕಥೆಯ ಜೊತೆಗೆ ಕೊಟ್ಟಿರುವ ಡೋಜೋ, ಅಂದರೆ ಅಲೆಅಲೆಯಾಗಿ ಬರುವ ರೋಬೋಗಳನ್ನು ಬೆಳಕಿನ ಕತ್ತಿಯಿಂದ ಎದುರಿಸುವ ಅಭ್ಯಾಸದ ಅಂಕಣ. 'ಜುರಾಸಿಕ್ ವರ್ಲ್ಡ್ ಆಫ್ಟರ್‌ಮ್ಯಾತ್' ಅಡಗಿ ಕುಳಿತು ಪಾರಾಗುವ ಆಟ. ಮೇಜಿನ ಕೆಳಗೆ ಕುಳಿತು ಡೈನೋಸಾರ್‌ನ ಉಗುರಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೊಡುವುದು ಚೆನ್ನಾಗಿದೆ, ಕೈಗೆ ಕೆಲಸ ಕಡಿಮೆ. ಸಿನಿಮಾ ಬಿಡುಗಡೆಯ ಪ್ರಚಾರಕ್ಕೆಂದು ಮಾಡುವ ಪುಟ್ಟ ಆಟಗಳು, ಉದಾಹರಣೆಗೆ 2017ರ 'ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್' ಆಟ, ಉಚಿತವಾಗಿದ್ದರೆ ಒಮ್ಮೆ ನೋಡಬಹುದು, ಅಷ್ಟೇ.

ಹಣಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಕಣ್ಣು ಚಲನೆಯನ್ನು ಕಾಣುತ್ತದೆ, ಒಳಗಿವಿ ದೇಹ ನಿಂತಲ್ಲೇ ಇದೆ ಎನ್ನುತ್ತದೆ; ಈ ಎರಡರ ತಕರಾರಿನಿಂದ ಹೊಟ್ಟೆ ತೊಳಸುತ್ತದೆ. ನಿಂತ ಜಾಗದಲ್ಲೇ ಆಡುವ ಬಾಕ್ಸಿಂಗ್‌ನಲ್ಲಿ ನನಗೆ ಇದು ಎಂದೂ ಆಗಲಿಲ್ಲ, ಹಾರಾಟದ ಆಟದಲ್ಲಿ ಮೊದಲ ವಾರ ಹತ್ತು ನಿಮಿಷವೂ ತಡೆಯಲಾಗಲಿಲ್ಲ. ತೊಳಸಿದ ಕೂಡಲೇ ನಿಲ್ಲಿಸಿ, ಹಟ ಹಿಡಿದು ಮುಂದುವರಿಸಬೇಡಿ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ 14 ದಿನಗಳ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಲು ಅವಕಾಶವಿದೆ. ನಿಮ್ಮ ಮೈಗೆ ಆಟ ಒಗ್ಗುತ್ತದೆಯೇ ಎಂದು ತಿಳಿಯಲು ಅಷ್ಟು ಸಮಯ ಸಾಕು.

ಆಡುವಾಗ ಫ್ಯಾನಿನ ರೆಕ್ಕೆಗೂ ಎತ್ತಿದ ಕೈಗೂ ನಡುವೆ ಎಷ್ಟು ಅಂತರವಿದೆ ಎಂದು ಮೊದಲೇ ನೋಡಿಕೊಳ್ಳಿ. ನಮ್ಮ ಹಜಾರದಲ್ಲಿ ನಾನು ಟೇಬಲ್ ಫ್ಯಾನನ್ನು ಎದುರಿಗಿಟ್ಟುಕೊಳ್ಳುತ್ತೇನೆ, ಅದರ ಗಾಳಿಯಿಂದ ಯಾವ ದಿಕ್ಕಿಗೆ ನಿಂತಿದ್ದೇನೆಂಬುದೂ ತಿಳಿಯುತ್ತದೆ. ಹೆಡ್‌ಸೆಟ್ಟನ್ನು ಕಿಟಕಿಯ ಬಳಿ ಬಿಸಿಲಿಗೆ ಇಡಬೇಡಿ, ಲೆನ್ಸ್ ಬಿಸಿಲನ್ನು ಒಂದೆಡೆಗೆ ಸೇರಿಸಿ ಒಳಗಿನ ಪರದೆಯನ್ನು ಸುಡುತ್ತದೆ. ಇವಿಷ್ಟನ್ನು ನೋಡಿಕೊಂಡು, ಒಂದೇ ಒಂದು ಆಟ ಕೊಳ್ಳುವುದಾದರೆ 'ಕ್ರೀಡ್' ಕೊಳ್ಳಿ.