ಹಳೆ ಜೀಪಿನ ಟ್ಯಾಪೆಟ್ ಸಾಲಿಡ್ಡೋ ಹೈಡ್ರಾಲಿಕ್ಕೋ, ತಿಳಿಯೋದು ಹೇಗೆ?

ನೀವು ಕೇಳಿರುವುದು ಇಷ್ಟು. ಆಲ್ದೂರು ಕಡೆಯ ತೋಟದಲ್ಲಿ ಹಳೆ ಮಹೀಂದ್ರಾ ಪೆಟ್ರೋಲ್ ಜೀಪ್ ಇದೆ. ಎಂಜಿನ್‌ನಿಂದ ಟಕಟಕ ಸದ್ದು ಬರುತ್ತಿದೆ. ರಾಕರ್ (ವಾಲ್ವನ್ನು ಒತ್ತುವ ಸಣ್ಣ ತೋಳು) ನಟ್ಟನ್ನು ಗ್ಯಾಪ್ ಹೋಗುವವರೆಗೂ ಬಿಗಿ ಮಾಡಿ, ಮೇಲೆ ಇನ್ನೊಂದು ಸುತ್ತು ಕೊಡಿ ಅಂತ ಒಂದು ಅಮೆರಿಕನ್ ವೀಡಿಯೊದಲ್ಲಿ ನೋಡಿದ್ದೀರಿ. ಊರಿನ ಮೆಕ್ಯಾನಿಕ್ ಮಾತ್ರ ಗ್ಯಾಪ್ ಬಿಡಲೇಬೇಕು ಅನ್ನುತ್ತಿದ್ದಾರೆ. ಯಾರ ಮಾತು ಕೇಳಬೇಕು?

ನಿಮ್ಮ ಮೆಕ್ಯಾನಿಕ್ ಮಾತು ಕೇಳಿ. ವೀಡಿಯೊ ಸುಳ್ಳಲ್ಲ, ಆದರೆ ಅದು ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್‌ಗೆ ಹೇಳಿದ್ದು. ಟ್ಯಾಪೆಟ್ ಅಂದರೆ ಕ್ಯಾಮ್ (ಉಬ್ಬುಗಳಿರುವ, ತಿರುಗುವ ಶಾಫ್ಟ್) ಮೇಲೆ ಕೂತು ವಾಲ್ವ್ ತೆರೆಯಲು ತಳ್ಳುವ ತುಂಡು. ಆ ಜೀಪುಗಳ ಹರಿಕೇನ್ ಎಂಜಿನ್‌ನಲ್ಲಿ ಇರುವುದು ಸಾಲಿಡ್ ಟ್ಯಾಪೆಟ್. ಅದಕ್ಕೆ ಆ ಒಂದು ಸುತ್ತು ಜಾಸ್ತಿ ಕೊಟ್ಟರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಸೀಟಿನ (ಮುಚ್ಚಿದಾಗ ಅದು ಕೂರುವ ಅಂಚು) ಮೂಲಕವೇ ಬಿಟ್ಟುಕೊಡುತ್ತದೆ. ಸೀಟಿಗೆ ಸರಿಯಾಗಿ ಕೂರದಿದ್ದರೆ ಅಂಚು ಸುಟ್ಟುಹೋಗುತ್ತದೆ, ಕಂಪ್ರೆಷನ್ ಬೀಳುತ್ತದೆ. ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗ ಗಾಡಿ ಎಳೆಯುವುದಿಲ್ಲ. ಸದ್ದು ನಿಂತಿರುತ್ತದೆ, ಹಾಗಾಗಿ ಸರಿಹೋಯಿತು ಅಂತ ಅಂದುಕೊಂಡಿರುತ್ತೇವೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ ಟೈಟ್ ಟ್ಯಾಪೆಟ್ ಬಗ್ಗೆ ನನಗೆ ಹೆಚ್ಚು ಭಯ.

ಆದರೆ ಜೀಪಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ನಮ್ಮ ಚಿಕ್ಕಮಗಳೂರು, ಸಕಲೇಶಪುರ ಕಡೆ ತೋಟದ ಜೀಪುಗಳಲ್ಲಿ ಎಂಜಿನ್ ಬದಲಾಯಿಸಿರುವುದೇ ಜಾಸ್ತಿ. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ ಗಾಡಿಗಳು ಊರಿಗೆ ಒಂದೆರಡಾದರೂ ಸಿಗುತ್ತವೆ. ಆರ್‌ಸಿ ಪುಸ್ತಕದಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು. ಹಾಗಾಗಿ ಮೊದಲು ಮೇಲಿನ ಹೆಡ್ ಕವರ್ ಬಿಚ್ಚಿ, ರಾಕರ್ ಎಷ್ಟಿವೆ ಎಣಿಸಿ. ನಾಲ್ಕೇ ಇದ್ದರೆ ನಿಮ್ಮದು ಹರಿಕೇನ್. ಅದರಲ್ಲಿ ಇನ್‌ಲೆಟ್ ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್‌ಗಳು ಕೆಳಗೆ ಬ್ಲಾಕಿನಲ್ಲೇ ಇರುತ್ತವೆ. ಹೆಡ್ ಚಪ್ಪಟೆಯಾಗಿದ್ದು ರಾಕರ್ ಕವರೇ ಇಲ್ಲದಿದ್ದರೆ ಇನ್ನೂ ಹಳೆಯ ಸೈಡ್ ವಾಲ್ವ್ (ವಾಲ್ವ್‌ಗಳೆಲ್ಲ ಬ್ಲಾಕಿನಲ್ಲೇ ಇರುವ) ಎಂಜಿನ್, ಅದೂ ಸಾಲಿಡ್ಡೇ. ಎಂಟು ರಾಕರ್ ಕಂಡರೆ ಬೇರೆ ಯಾವುದೋ ಎಂಜಿನ್ ಬಂದು ಕೂತಿದೆ ಅಂತ ಅರ್ಥ. ಆಗ ಮುಂದಿನ ಪರೀಕ್ಷೆ ಮಾಡಲೇಬೇಕು.

ಎರಡಕ್ಕೂ ಏನು ವ್ಯತ್ಯಾಸ ಅಂತ ಗೊತ್ತಿದ್ದರೆ ಪರೀಕ್ಷೆ ಸುಲಭ. ಸಾಲಿಡ್ ಅಂದರೆ ಬರೀ ಕಬ್ಬಿಣದ ತುಂಡು. ಕ್ಯಾಮ್ ಎತ್ತಿದಷ್ಟೂ ಅದು ಪುಶ್ ರಾಡನ್ನು (ರಾಕರನ್ನು ತಳ್ಳುವ ಕಡ್ಡಿ) ಎತ್ತುತ್ತದೆ. ಬಿಸಿಗೆ ವಾಲ್ವ್ ಉದ್ದವಾಗುತ್ತದಲ್ಲ, ಅದಕ್ಕೆ ಜಾಗ ಬೇಕು ಅಂತ ಗ್ಯಾಪ್ ಬಿಡುತ್ತೇವೆ. ಹೈಡ್ರಾಲಿಕ್‌ನಲ್ಲಿ ಒಳಗೆ ಸಣ್ಣ ಪಿಚಕಾರಿಯಂಥ ಪ್ಲಂಜರ್, ಅದರ ಕೆಳಗೆ ಒಂದು ಸ್ಪ್ರಿಂಗ್, ಆಯಿಲನ್ನು ಒಳಗೆ ಬಿಟ್ಟು ಹೊರಗೆ ಬಿಡದ ಒಂದು ಬಾಲ್ ಇರುತ್ತದೆ. ಎಂಜಿನ್ ಆಯಿಲ್ ಒತ್ತಡದಿಂದ ಅದು ತುಂಬಿಕೊಂಡು ಗ್ಯಾಪನ್ನು ತಾನೇ ಮುಚ್ಚುತ್ತದೆ.

ಈಗ ಪರೀಕ್ಷೆ. ಎಂಜಿನ್ ಪೂರ್ತಿ ತಣ್ಣಗಿರಲಿ. ಪ್ಲಗ್ಗುಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ. ಹಳೆ ಜೀಪಿಗೆ ಹ್ಯಾಂಡಲ್ ಇದ್ದರೆ ಅದೇ ಸಾಕು. ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವ ಜಾಗಕ್ಕೆ, ಅಂದರೆ ಕಂಪ್ರೆಷನ್‌ನ ಮೇಲ್ತುದಿಗೆ ತನ್ನಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ರೋಟರ್ ಒಂದನೇ ಪ್ಲಗ್ಗಿನ ವೈರ್ ಕಡೆ ತಿರುಗಿರುತ್ತದೆ. ಈಗ ರಾಕರನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಿಕ್ ಟಿಕ್ ಅಂತ ಖಚಿತವಾದ ಸಣ್ಣ ಆಟ ಇದ್ದು, ಉಳಿದ ಸಿಲಿಂಡರ್‌ಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಆಟ ಸಿಕ್ಕರೆ ಅದು ಸಾಲಿಡ್. ಆಟವೇ ಇಲ್ಲದಿದ್ದರೆ ಪುಶ್ ರಾಡ್ ಕಡೆಯ ತುದಿಯನ್ನು ಬಲವಾಗಿ ಒತ್ತಿ ಹಿಡಿಯಿರಿ. ನಿಧಾನಕ್ಕೆ ಮೆತ್ತಗೆ ಕೆಳಗಿಳಿದರೆ ಆಯಿಲ್ ಸೋರಿ ಪ್ಲಂಜರ್ ಇಳಿಯುತ್ತಿದೆ, ಅಂದರೆ ಹೈಡ್ರಾಲಿಕ್. ಎಷ್ಟು ಒತ್ತಿದರೂ ಕಲ್ಲಿನ ಹಾಗೆ ನಿಂತರೆ, ಯಾರೋ ಸಾಲಿಡ್ಡನ್ನೇ ಟೈಟ್ ಮಾಡಿಟ್ಟಿರುವ ಸಾಧ್ಯತೆ ಇದೆ.

ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಇನ್ನೊಂದು ವಿಷಯ ಗಮನಿಸಿ. ಹೈಡ್ರಾಲಿಕ್ ಟ್ಯಾಪೆಟ್‌ನಿಂದ ಆಯಿಲ್ ಇಳಿದುಹೋಗಿರಬಹುದು. ಒಳಗೆ ಅಂಟು ಕಟ್ಟಿ ಪ್ಲಂಜರ್ ಕೆಳಗೇ ಹಿಡಿದುಕೊಂಡಿದ್ದರೆ ಅಲ್ಲೂ ಗ್ಯಾಪ್ ಕಾಣುತ್ತದೆ. ಒಂದೆರಡು ಕಡೆ ಮಾತ್ರ ಗ್ಯಾಪ್, ಉಳಿದ ಕಡೆ ಇಲ್ಲ ಅಂದರೆ ಈ ಅನುಮಾನ ಬರಬೇಕು.

ರಾಕರಿನ ಮೇಲೆ ತಿರುಗಿಸುವ ನಟ್ ಇದೆ, ಆದ್ದರಿಂದ ಸಾಲಿಡ್ಡೇ ಅಂತ ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಶೆವ್ರೊಲೆಯ ಹಳೆ ವಿ8ಗಳಲ್ಲಿ ಎರಡು ಬಗೆಗೂ ಅದೇ ನಟ್ ಇರುತ್ತದೆ. 1965ರ ಕಾರ್ವೆಟ್ ನೋಡಿ. ಅದೇ 327 ಘನ ಇಂಚಿನ ಎಂಜಿನ್, 350 ಎಚ್‌ಪಿಯದಕ್ಕೆ ಹೈಡ್ರಾಲಿಕ್, 365 ಎಚ್‌ಪಿಯದಕ್ಕೆ ಸಾಲಿಡ್. ಹಳೆಯದೆಲ್ಲ ಸಾಲಿಡ್ ಅನ್ನುವುದೂ ತಪ್ಪು. ಕ್ಯಾಡಿಲಾಕ್ 1930ರಲ್ಲೇ ತನ್ನ ವಿ16ರಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಹಾಕಿತ್ತು. ಕ್ರೈಸ್ಲರ್‌ನ ಸ್ಲ್ಯಾಂಟ್ ಸಿಕ್ಸ್ ಎಂಜಿನ್ 1980ರವರೆಗೆ ಸಾಲಿಡ್, 1981ರಿಂದ ಹೈಡ್ರಾಲಿಕ್.

ಸದ್ದಿನಿಂದ ಸುಳಿವು ಸಿಗುತ್ತದೆ, ಅಷ್ಟೇ. ಸಾಲಿಡ್ ಯಾವಾಗಲೂ ಹದವಾಗಿ ಟಿಕಟಿಕ ಅನ್ನುತ್ತಿರುತ್ತದೆ. ಹೈಡ್ರಾಲಿಕ್ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಡಿದು, ಆಯಿಲ್ ತುಂಬಿದ ಮೇಲೆ ಸುಮ್ಮನಾಗುತ್ತದೆ.

ಟ್ಯಾಪೆಟ್ಟನ್ನೇ ಹೊರಗೆ ತೆಗೆಯುವಂತಿದ್ದರೆ ಒಳಗಿನ ತಗ್ಗು ನೋಡಿ. ಅಂಚಿನಲ್ಲಿ ತಂತಿಯ ಲಾಕ್, ಒತ್ತಿದರೆ ಸ್ಪ್ರಿಂಗಿನ ಹಾಗೆ ಇಳಿಯುವ ಪ್ಲಂಜರ್ ಇದ್ದರೆ ಹೈಡ್ರಾಲಿಕ್. ಲಾಕ್ ಒಂದನ್ನೇ ನಂಬಬೇಡಿ, ರೇಸಿಂಗಿನ ಕೆಲವು ಸಾಲಿಡ್‌ಗಳಲ್ಲೂ ಅದು ಇರುತ್ತದೆ. ಒತ್ತಿ ನೋಡುವುದು ಮುಖ್ಯ. ಯಾವ ಟ್ಯಾಪೆಟ್ ಎಲ್ಲಿಂದ ಬಂತೋ ಅದೇ ತೂತಿಗೆ ವಾಪಸ್ ಹೋಗಬೇಕು. ಕ್ಯಾಮ್ ಜೊತೆ ಸವೆದು ಜೋಡಿಯಾಗಿರುತ್ತವೆ. ಇನ್ನು ಸದ್ದು ಕಡಿಮೆ ಆಗಲಿ ಅಂತ ಸಾಲಿಡ್ ಕ್ಯಾಮಿನ ಮೇಲೆ ಹೈಡ್ರಾಲಿಕ್ ಕೂರಿಸುವ ಯೋಚನೆ ದಯವಿಟ್ಟು ಬೇಡ. ಎರಡರ ಕ್ಯಾಮ್ ಆಕಾರವೇ ಬೇರೆ.

ನಿಮ್ಮದು ಹರಿಕೇನ್ ಅಂತ ಖಚಿತವಾದರೆ ತಣ್ಣಗಿನ ಎಂಜಿನ್‌ಗೆ ಗ್ಯಾಪ್ ಇನ್‌ಲೆಟ್ 0.018 ಇಂಚು, ಎಕ್ಸಾಸ್ಟ್ 0.016 ಇಂಚು. ಮಿಲಿಮೀಟರ್ ಗೇಜ್ ಇದ್ದರೆ 0.46 ಮತ್ತು 0.41ಕ್ಕೆ ಹತ್ತಿರದ್ದು. ಒಂದನೇ ಸಿಲಿಂಡರಿನ ಎರಡನ್ನೂ ಸೆಟ್ ಮಾಡಿ, ಕ್ರ್ಯಾಂಕ್ ಅರ್ಧ ಸುತ್ತು ತಿರುಗಿಸಿ ಮೂರನೆಯದು, ಆಮೇಲೆ ನಾಲ್ಕು, ಕೊನೆಗೆ ಎರಡು. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ತಗಡು) ಸ್ವಲ್ಪ ಹಿಡಿದು ಎಳೆದ ಹಾಗೆ ಜಾರಬೇಕು. ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಗ್ಯಾಪ್ ಬದಲಾಗುತ್ತದೆ.

ಹರಿಕೇನ್‌ನಲ್ಲಿ ಬಹಳ ಜನ ಬಿಟ್ಟುಬಿಡುವುದು ಕೆಳಗಿನ ಎಕ್ಸಾಸ್ಟ್ ಟ್ಯಾಪೆಟ್‌ಗಳನ್ನು. ಮೇಲಿನ ನಾಲ್ಕನ್ನು ಸೆಟ್ ಮಾಡಿ ಕವರ್ ಮುಚ್ಚಿಬಿಡುತ್ತಾರೆ. ಕೆಳಗಿನವಕ್ಕೆ ಬ್ಲಾಕಿನ ಪಕ್ಕದ ಕವರ್ ಬಿಚ್ಚಬೇಕು. ಕೈ ಹೋಗುವುದು ಕಷ್ಟ, ತೆಳು ಸ್ಪ್ಯಾನರ್ ಬೇಕು. ಆದರೆ ಸುಡುವುದು ಅಲ್ಲಿನ ವಾಲ್ವ್‌ಗಳೇ. ನಿಮ್ಮ ಮೆಕ್ಯಾನಿಕ್ ಹತ್ತಿರ ಅದನ್ನೂ ಮಾಡಿ ಅಂತ ಮೊದಲೇ ಹೇಳಿ, ಎರಡೂ ಕವರ್‌ಗೆ ಹೊಸ ಪ್ಯಾಕಿಂಗ್ ತಂದಿಟ್ಟುಕೊಳ್ಳಿ. ಕವರ್ ತೆಗೆದಾಗ ನಾಲ್ಕು ರಾಕರ್ ಕಾಣದಿದ್ದರೆ ಒಂದು ಫೋಟೊ ಇಲ್ಲಿ ಹಾಕಿ, ಯಾವ ಎಂಜಿನ್ ಅಂತ ನೋಡೋಣ.