ಮೆಚ್ಚಿನ ಲೈವ್ ರಾಕ್ ಶೋಗಳು, ಮತ್ತೆ ಮೊದಲ ಸಲ ಹೋಗೋರು ಎಲ್ಲಿ ನಿಲ್ಲಬೇಕು ಅನ್ನೋದು

ಒಂದೇ ಪೋಸ್ಟಲ್ಲಿ ಮೂರು ಪ್ರಶ್ನೆ ತುರುಕಿದ್ದೀರಿ: ಮೆಚ್ಚಿನ ಲೈವ್ ರಾಕ್ ಶೋ ಯಾವುದು, ಅದು ಯಾಕೆ ನೆನಪಲ್ಲಿ ಉಳೀತು, ಮುಂದಿನ ತಿಂಗಳು ಮೊದಲ ಸಲ ಹೋಗ್ತಿರೋ ನೀವು ಎಲ್ಲಿ ನಿಂತ್ಕೋಬೇಕು. ಅದರ ಕೆಳಗೇ ಇನ್ನೊಬ್ಬರು "ಸ್ಟುಡಿಯೋದಲ್ಲಿ ಅಷ್ಟು ನೀಟಾಗಿ ರೆಕಾರ್ಡ್ ಮಾಡಿಟ್ಟಿರುವಾಗ ಈ ಗದ್ದಲದ ಲೈವ್ ಯಾಕೆ ಕೇಳಬೇಕು" ಅಂತ ಕೆಣಕಿದ್ದಾರೆ. ಇಬ್ಬರಿಗೂ ಸೇರಿಸಿ ಬರೀತಿದ್ದೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಇಲ್ಲಿ ಉತ್ತರ ಕೊಟ್ಟವರೆಲ್ಲ ಲೈಟು, ಹೊಗೆ, ಯಾವ ಹಾಡು ಬಾರಿಸಿದ್ರು ಅನ್ನೋದನ್ನೇ ಹೇಳಿದ್ದಾರೆ. ನಾನು ನೋಡೋದು ಒಂದೇ: ಸ್ಟೇಜ್ ಮೇಲಿದ್ದವರಿಗೆ ತಮ್ಮ ಸದ್ದು ತಮಗೆ ಕೇಳಿಸ್ತಿತ್ತಾ, ಎದುರಿಗಿದ್ದ ಜನ ಅವರ ಕಿವಿಗೆ ಬೀಳ್ತಿದ್ರಾ? ನನಗೆ ಇಷ್ಟವಾದ ಶೋಗಳನ್ನ ಎಷ್ಟು ಸಲ ಕೇಳಿದ್ರೂ ಕೊನೆಗೆ ಅಲ್ಲಿಗೇ ಬಂದು ನಿಲ್ತೀನಿ.

ಎರಡೂ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ 1965ರ ಆಗಸ್ಟ್ 15ರ ಬೀಟಲ್ಸ್ ಶೋ ನೋಡಿ. ನ್ಯೂಯಾರ್ಕಿನ ಶೇ ಸ್ಟೇಡಿಯಂ, 55 ಸಾವಿರಕ್ಕೂ ಹೆಚ್ಚು ಜನ. ಗಿಟಾರ್‌ಗೆ ವಾಕ್ಸ್ ಕಂಪನಿ ಮಾಡಿಕೊಟ್ಟ 100 ವಾಟ್ ಆಂಪ್, ಅಂದ್ರೆ ಸದ್ದು ಹೆಚ್ಚಿಸೋ ಪೆಟ್ಟಿಗೆ. ದನಿ ಹೋಗ್ತಿದ್ದದ್ದು ಬೇಸ್‌ಬಾಲ್ ಆಟದಲ್ಲಿ ಅನೌನ್ಸ್ ಮಾಡೋ ಸ್ಪೀಕರ್‌ಗಳಲ್ಲಿ! ಸ್ಟೇಜ್ ಮೇಲೆ ಮಾನಿಟರ್ ಅನ್ನೋದೇ ಇಲ್ಲ, ಅಂದ್ರೆ ಹಾಡೋನ ಕಡೆಗೇ ತಿರುಗಿಸಿಟ್ಟ ಸ್ಪೀಕರ್ ಇಲ್ಲ. ಅಂಥ ಶೋಗಳಲ್ಲಿ ಹಿಂದೆ ಕೂತ ಡ್ರಮ್ಮರ್ ರಿಂಗೊ ಸ್ಟಾರ್, ಮುಂದಿದ್ದವರ ತಲೆ, ಸೊಂಟ ಅಲ್ಲಾಡೋದನ್ನ ನೋಡಿ ಹಾಡು ಎಲ್ಲಿಗೆ ಬಂತು ಅಂತ ಅಂದಾಜು ಮಾಡ್ತಿದ್ದರಂತೆ. ಅರ್ಧ ಗಂಟೆಯಲ್ಲಿ ಮುಗೀತು. ಆ ಶೋದ ಫಿಲ್ಮಲ್ಲಿ ಕೇಳಿಸೋ ಸದ್ದಿನ ಎಷ್ಟೋ ಭಾಗವನ್ನ ಆಮೇಲೆ ಲಂಡನ್ ಸ್ಟುಡಿಯೋದಲ್ಲಿ ತಿದ್ದಿ ಸೇರಿಸಿದ್ದು. ಮುಂದಿನ ವರ್ಷ ಆಗಸ್ಟಿಗೇ ಅವರು ಟೂರ್ ಮಾಡೋದನ್ನ ಬಿಟ್ಟುಬಿಟ್ಟರು, ನನಗಂತೂ ಆಶ್ಚರ್ಯ ಆಗಲ್ಲ.

ಒಂಬತ್ತು ವರ್ಷ ಆದ್ಮೇಲೆ ಇದೇ ತೊಂದರೆಗೆ ಗ್ರೇಟ್‌ಫುಲ್ ಡೆಡ್ ಬ್ಯಾಂಡ್ ಕಂಡುಕೊಂಡ ದಾರಿ ನನಗೆ ಬಲು ಇಷ್ಟ. ಹುಚ್ಚಾಟ ಅಂದ್ರೂ ಸರಿಯೇ. ಔಸ್ಲಿ ಸ್ಟ್ಯಾನ್ಲಿ ಅನ್ನೋ ಅವರ ಸೌಂಡ್ ಮನುಷ್ಯ ಮತ್ತು ಜೊತೆಗಾರರು ಸೇರಿ 1974ರಲ್ಲಿ "ವಾಲ್ ಆಫ್ ಸೌಂಡ್" ಕಟ್ಟಿದ್ರು. ಹೆಸರಿಗೆ ತಕ್ಕ ಹಾಗೆ ಗೋಡೆಯೇ: ಸುಮಾರು 600 ಸ್ಪೀಕರ್, 75 ಟನ್ ತೂಕ. ಸಾಮಾನ್ಯವಾಗಿ ಸ್ಪೀಕರ್‌ಗಳು ಬ್ಯಾಂಡಿನ ಮುಂದೆ, ಎರಡು ಪಕ್ಕಕ್ಕೆ ಇರ್ತವೆ ಅಲ್ವಾ? ಇಲ್ಲಿ ಪೂರ್ತಿ ಗೋಡೆ ಬ್ಯಾಂಡಿನ ಬೆನ್ನ ಹಿಂದೆ. ಜನ ಕೇಳೋದನ್ನೇ ಬಾರಿಸೋರೂ ಕೇಳ್ತಿದ್ದರು, ಬೇರೆ ಮಾನಿಟರ್ ಬೇಕಿರಲಿಲ್ಲ. ಒಂದೊಂದು ವಾದ್ಯಕ್ಕೂ ಅದರದೇ ಸ್ಪೀಕರ್ ಕಂಬ, ಫಿಲ್ ಲೆಶ್‌ನ ಬೇಸ್ ಗಿಟಾರಿನಲ್ಲಂತೂ ಒಂದೊಂದು ತಂತಿಯ ಸದ್ದನ್ನೂ ಬೇರೆ ಬೇರೆ ಕಂಬಕ್ಕೆ ಕಳಿಸೋ ಏರ್ಪಾಡಿತ್ತು.

ಆದ್ರೆ ಬೆನ್ನ ಹಿಂದೆ ಅಷ್ಟು ಸ್ಪೀಕರ್ ಇದ್ರೆ ಮೈಕ್ ಅದೇ ಸದ್ದನ್ನ ಹಿಡಿದು 'ಕುಂಯ್' ಅಂತ ಕಿರುಚಬೇಕಲ್ಲ? ಅದಕ್ಕೆ ಒಬ್ಬೊಬ್ಬ ಹಾಡುಗಾರನಿಗೂ ಒಂದರ ಮೇಲೊಂದರಂತೆ ಎರಡೆರಡು ಮೈಕ್ ಕೊಟ್ಟು, ಅದರಲ್ಲಿ ಒಂದರ ವೈರ್ ಮಾತ್ರ ಉಲ್ಟಾ ಮಾಡಿದ್ರು. ಹಿಂದಿನಿಂದ ಬರೋ ಸದ್ದು ಎರಡೂ ಮೈಕಿಗೆ ಒಂದೇ ಸಮ ಬಿದ್ದು, ಉಲ್ಟಾ ಇರೋದ್ರಿಂದ ಒಂದನ್ನೊಂದು ಹೊಡೆದುಹಾಕುತ್ತೆ. ಹಾಡೋನು ತುಟಿ ಇಡೋದು ಮೇಲಿನ ಮೈಕಿಗೆ ಮಾತ್ರ, ಆ ದನಿ ಒಂದೇ ಉಳಿಯುತ್ತೆ. ದನಿ ಸ್ವಲ್ಪ ತೆಳ್ಳಗಾಗ್ತಿತ್ತು ಅನ್ನೋದು ನಿಜ, ಆ ವರ್ಷದ ಟೇಪ್‌ಗಳಲ್ಲಿ ಗೊತ್ತಾಗುತ್ತೆ. ಅದನ್ನ ಊರಿಂದೂರಿಗೆ ಹೊತ್ತು, ಕಟ್ಟಿ, ಬಿಚ್ಚೋ ಖರ್ಚಿಗೆ ಬ್ಯಾಂಡ್ ಸುಸ್ತಾಗಿ ಅದೇ ವರ್ಷ ಅಕ್ಟೋಬರಿಗೆ ನಿಲ್ಲಿಸಿಬಿಟ್ಟರು. 1974ರ ಯಾವ ಟೇಪ್ ಸಿಕ್ಕಿದ್ರೂ ಹೆಡ್‌ಫೋನ್ ಹಾಕ್ಕೊಂಡು ಬೇಸ್ ಒಂದನ್ನೇ ಹಿಂಬಾಲಿಸಿ ನೋಡಿ.

ಬರೀ ಸದ್ದಲ್ಲ, ಒಳ್ಳೆ ಬ್ಯಾಂಡ್ ಬೇಕು ಅಂದ್ರೆ ಡೀಪ್ ಪರ್ಪಲ್. 1972ರ ಆಗಸ್ಟ್ 15, 16ಕ್ಕೆ ಒಸಾಕಾ, 17ಕ್ಕೆ ಟೋಕಿಯೋದ ಬುಡೊಕಾನ್. ಸೌಂಡ್ ಇಂಜಿನಿಯರ್ ಮಾರ್ಟಿನ್ ಬರ್ಚ್ ಎಂಟು ಟ್ರ್ಯಾಕಿನ ಟೇಪಲ್ಲಿ ಹಿಡಿದದ್ದು, ಆಮೇಲೆ ಸ್ಟುಡಿಯೋದಲ್ಲಿ ಒಂದು ಸ್ವರವನ್ನೂ ಸೇರಿಸಿಲ್ಲ. 'ಮೇಡ್ ಇನ್ ಜಪಾನ್' ಅಂತ ಹೊರಬಂದ ಆ ಆಲ್ಬಂನಲ್ಲಿ ಹಾಡುಗಳ ಮಧ್ಯೆ ಮಾನಿಟರ್ ಸಾಲದು ಅಂತ ಕೇಳೋದು, ಎಲ್ಲಕ್ಕಿಂತ ಎಲ್ಲವೂ ಜೋರಾಗಿರಲಿ ಅನ್ನೋ ತಮಾಷೆ, ಎಲ್ಲ ಹಾಗೇ ಉಳಿದಿದೆ. ಕೆಣಕಿದವರು ಇದರಿಂದ ಶುರುಮಾಡಿ. ಸ್ಟುಡಿಯೋದಲ್ಲಿ ನಾಲ್ಕೈದು ನಿಮಿಷ ಇದ್ದ ಕೆಲವು ಹಾಡು ಇಲ್ಲಿ ಎರಡರಷ್ಟು, ನಾಲ್ಕರಷ್ಟು ಬೆಳೆಯುತ್ತೆ. ಗಿಟಾರ್ ಕೇಳಿದ್ದಕ್ಕೆ ಆರ್ಗನ್ ಉತ್ತರ ಕೊಡೋದನ್ನ ಕೇಳಿಸ್ಕೊಳ್ಳಿ.

ದ ಹೂ (ಮುಡಿಯೋ ಹೂವಲ್ಲ, ಇಂಗ್ಲೆಂಡಿನ ಬ್ಯಾಂಡು) 1970ರ ಫೆಬ್ರವರಿ 14ಕ್ಕೆ ಲೀಡ್ಸ್ ಯೂನಿವರ್ಸಿಟಿಯ ಊಟದ ಹಾಲಲ್ಲಿ ಬಾರಿಸಿದ್ದು ಇದರ ಅಣ್ಣ ಅನ್ನಬಹುದು. ಟೇಪಲ್ಲಿ ಟಿಕ್ ಟಿಕ್ ಅಂತ ಸದ್ದು ಸೇರಿಕೊಂಡಿತ್ತು. ಅದನ್ನ ಮುಚ್ಚಿಡೋ ಬದಲು, ಕರಕರ ಸದ್ದು ಇರೋದೇ ಹಾಗೆ, ಸರಿಮಾಡಬೇಡಿ ಅಂತ ರೆಕಾರ್ಡಿನ ಲೇಬಲ್ ಮೇಲೇ ಕೈಬರಹದಲ್ಲಿ ಅಚ್ಚು ಹಾಕಿಸಿದ್ರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಆ ಸಾಲು ಓದಿ.

ಜನರ ಸದ್ದನ್ನ ಕೇಳಿಸಿಕೊಂಡದ್ದು ಅಂದ್ರೆ ಎಲ್ಲರೂ ಹೇಳೋ ಕ್ವೀನ್ ಬ್ಯಾಂಡೇ, ಬೇರೆ ಹೆಸರು ಹುಡುಕೋ ಜಂಭ ನನಗಿಲ್ಲ. 1985ರ ಜುಲೈ 13, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ, ಲೈವ್ ಏಡ್ ಅನ್ನೋ ಸಹಾಯಾರ್ಥ ಶೋ, 72 ಸಾವಿರ ಜನ, ಇನ್ನೂ ಬಿಸಿಲು. ಲೈಟಿನ ಆಟ ಇಲ್ಲ, ಹೊಗೆ ಇಲ್ಲ, ಸಿಕ್ಕಿದ್ದು ಸುಮಾರು 21 ನಿಮಿಷ. ಅವರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ವಾದ್ಯ ನಿಲ್ಲಿಸಿ ಬರೀ ಗಂಟಲಲ್ಲಿ ಒಂದು ತುಣುಕು ಹಾಡ್ತಾರೆ, ಜನ ವಾಪಸ್ ಹಾಡ್ತಾರೆ. ವಿಡಿಯೋದಲ್ಲಿ ಫ್ರೆಡ್ಡಿ ಹಾಡೋದನ್ನ ಬಿಡಿ, ಸುಮ್ಮನಿರೋದನ್ನ ನೋಡಿ. ಆ ಕಡೆಯಿಂದ ಬಂದ ದನಿ ಪೂರ್ತಿ ಮುಗಿಯೋ ತನಕ ಕಾದು, ಆಮೇಲೆ ಮುಂದಿನದನ್ನ ಇನ್ನಷ್ಟು ಕಷ್ಟ ಮಾಡಿ ಎಸೀತಾರೆ. ಪಾಠ ಹೇಳಿಕೊಡೋ ಮೇಷ್ಟ್ರ ಹಾಗೆ.

ಅದೇ ದಿನ ಬೀಟಲ್ಸ್‌ನಲ್ಲಿದ್ದ ಪಾಲ್ ಮೆಕಾರ್ಟ್ನಿ ಪಿಯಾನೋ ಮುಂದೆ ಕೂತು ಹಾಡೋಕೆ ಶುರುಮಾಡಿದಾಗ ಮೈಕೇ ಸತ್ತಿತ್ತು, ಸುಮಾರು ಎರಡು ನಿಮಿಷ ದನಿಯೇ ಇಲ್ಲ. ಆ ಹೊತ್ತು ಹಾಡು ದಾಟಿಸಿದ್ದು ಸ್ಟೇಡಿಯಂ. ಅದೇ ಶೋದಲ್ಲಿ ಯೂಟೂ ಬ್ಯಾಂಡಿನ ಹಾಡುಗಾರ ಬೋನೋ ಸ್ಟೇಜಿಂದ ಕೆಳಗಿಳಿದು ಒಬ್ಬಳು ಹುಡುಗಿಯ ಜೊತೆ ಕುಣೀತಾ ನಿಂತುಬಿಟ್ಟರು. ಮೇಲಿದ್ದ ಮೂವರಿಗೆ ಇವರು ಎಲ್ಲಿ ಹೋದ್ರು ಅಂತಲೇ ಕಾಣದೆ ಅದೇ ಎರಡು ಸ್ವರ ಸುತ್ತಾ ಇದ್ದರು, ಒಂದು ಹಾಡು ಹನ್ನೆರಡು ನಿಮಿಷ ಎಳೆದು ಮೂರನೇ ಹಾಡಿಗೆ ಟೈಮೇ ಉಳೀಲಿಲ್ಲ. ಜನ ನೆನಪಿಟ್ಟುಕೊಂಡಿರೋದು ಅದನ್ನೇ.

ಜನ ಬೈದದ್ದು ಕೇಳಿಸಿದ ಶೋ ಕೂಡ ಒಂದಿದೆ. 1966ರ ಮೇ 17, ಮ್ಯಾಂಚೆಸ್ಟರ್, ಬಾಬ್ ಡಿಲನ್. ಜಾನಪದ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದಕ್ಕೆ ಒಬ್ಬ 'ಜೂಡಾಸ್' ಅಂತ ಕೂಗ್ತಾನೆ, ಅಂದ್ರೆ ದ್ರೋಹಿ. ಡಿಲನ್ ಅವನಿಗೆ ನೀನು ಸುಳ್ಳುಗಾರ ಅಂತ ಹೇಳಿ, ಬ್ಯಾಂಡಿನ ಕಡೆ ತಿರುಗಿ ಜೋರಾಗಿ ಬಾರಿಸೋಕೆ ಹೇಳ್ತಾರೆ. ಆಮೇಲೆ ಬೀಳೋ ಡ್ರಮ್ಮಿನ ಮೊದಲ ಏಟು ಇದೆಯಲ್ಲ, ಅದಕ್ಕಾಗಿ ಇಡೀ ಟೇಪ್ ಕೇಳಬಹುದು.

1969ರ ವುಡ್‌ಸ್ಟಾಕ್ ಸಂಗೀತ ಉತ್ಸವದ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತಿರೋದೇ. ಗಿಟಾರಿನ ಜಿಮಿ ಹೆಂಡ್ರಿಕ್ಸ್ ಸ್ಟೇಜ್ ಹತ್ತಿದ್ದು ಸೋಮವಾರ ಬೆಳಗ್ಗೆ, ಲಕ್ಷಗಟ್ಟಲೆ ಜನರಲ್ಲಿ ಹೆಚ್ಚಿನವರು ಮನೆ ದಾರಿ ಹಿಡಿದ ಮೇಲೆ ಅನ್ನೋದನ್ನ ಮಾತ್ರ ನೆನಪಿಡಿ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ನಿರ್ವಾಣ ಬ್ಯಾಂಡ್ 1993ರ ನವೆಂಬರ್ 18ರಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ, ಚಿಕ್ಕದೊಂದು ಗುಂಪಿನ ಮುಂದೆ ಬಾರಿಸಿದ್ದು. ಲಿಲ್ಲಿ ಹೂ, ಮೇಣದ ಬತ್ತಿ, ಕೂತ್ಕೊಂಡು ಹಾಡೋದು. ಹದಿನಾಲ್ಕು ಹಾಡು, ಒಂದೊಂದಕ್ಕೂ ಒಂದೇ ಟೇಕ್. ಎಂಟಿವಿಯ 'ಅನ್‌ಪ್ಲಗ್ಡ್', ಅಂದ್ರೆ ಕರೆಂಟಿಲ್ಲದ ವಾದ್ಯ ಅಂತ ಕಾರ್ಯಕ್ರಮದ ಹೆಸರು, ಆದ್ರೆ ಹಾಡುಗಾರ ಕರ್ಟ್ ಕೋಬೇನ್ ತಮ್ಮ ಅಕೌಸ್ಟಿಕ್ ಗಿಟಾರನ್ನ ಆಂಪ್‌ಗೇ ಸಿಕ್ಕಿಸಿದ್ದರು, ಅದು ಕಾಣಬಾರದು ಅಂತ ಆಂಪ್ ಮುಂದೆ ಡಬ್ಬ ಇಟ್ಟು ಮರೆಮಾಡಿದ್ರು. ಸ್ಟೇಡಿಯಂನಲ್ಲಿ ಗುದ್ದೋ ಡೇವ್ ಗ್ರೋಲ್ ಅವತ್ತು ಬ್ರಷ್ ಹಿಡಿದು ಡ್ರಮ್ ಸವರ್ತಾರೆ. ಕೊನೆಯದು ಲೆಡ್ ಬೆಲ್ಲಿ ಅನ್ನೋ ಗಾಯಕ ಹಾಡ್ತಿದ್ದ ಹಳೇ ಜಾನಪದ ಹಾಡು. ಮುಗಿಯೋ ಹೊತ್ತಿಗೆ ಕೋಬೇನ್ ದನಿ ಒಡೆಯುತ್ತೆ, ಅರೆ ಗಳಿಗೆ ನಿಲ್ತಾರೆ, ಕಣ್ಣು ತೆರೆದು ಒಂದು ಉಸಿರು ಎಳ್ಕೊಂಡು ಉಳಿದದ್ದನ್ನ ಮುಗಿಸ್ತಾರೆ. ಆ ಉಸಿರು ಸ್ಪಷ್ಟವಾಗಿ ಕೇಳುತ್ತೆ. ಇನ್ನೊಂದು ಹಾಡು ಅಂತ ಕೇಳಿದಾಗ ಒಪ್ಪಲಿಲ್ಲ. ಇದಾದ ಐದು ತಿಂಗಳೊಳಗೆ ಅವರು ತೀರಿಕೊಂಡರು, ಆಲ್ಬಂ ಬಂದದ್ದು 1994ರ ನವೆಂಬರಲ್ಲಿ.

ನನ್ನ ಮಾತಿಗೆ ಒಂದು ಕಡೆ ಸೋಲೂ ಇದೆ, ಒಪ್ಕೋತೀನಿ. 1971ರ ಅಕ್ಟೋಬರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡ್ ಇಟಲಿಯ ಪೊಂಪೇಯ ಹಳೇ ರೋಮನ್ ಬಯಲು ರಂಗದಲ್ಲಿ ಬಾರಿಸಿದಾಗ ಎದುರಿಗೆ ಪ್ರೇಕ್ಷಕರೇ ಇರಲಿಲ್ಲ, ಇದ್ದದ್ದು ಕ್ಯಾಮೆರಾದವರು, ಕೆಲಸಗಾರರು. ಆದ್ರೂ ಅದನ್ನ ವರ್ಷಕ್ಕೊಮ್ಮೆಯಾದ್ರೂ ನೋಡ್ತೀನಿ.

ಈಗ ನಿಮ್ಮ ಟಿಕೆಟ್ ವಿಷಯ. ನಾನು ಮೊದಲ ಸಲ ಹೋದಾಗ ದಡ್ಡನ ಹಾಗೆ ಎಡಗಡೆ ಸ್ಪೀಕರ್ ಗೋಪುರದ ಬುಡದಲ್ಲೇ ನಿಂತಿದ್ದೆ. ಹತ್ತಿರ ಇದ್ದಷ್ಟೂ ಒಳ್ಳೇದು ಅನ್ನೋ ಲೆಕ್ಕ. ಬೇಸ್ ಎದೆಗೆ ಗುದ್ದಿದ್ದು ಬಿಟ್ರೆ ಹಾಡಿನ ಒಂದು ಪದ ಗೊತ್ತಾಗಲಿಲ್ಲ, ಎರಡು ದಿನ ಕಿವೀಲಿ ಗುಂಯ್ ಅನ್ನೋದು ನಿಲ್ಲಲಿಲ್ಲ. ಅಲ್ಲಿಂದೀಚೆಗೆ ಎಲ್ಲಿ ಹೋದ್ರೂ ಮೊದಲು ಹುಡುಕೋದು ಸೌಂಡ್ ಇಂಜಿನಿಯರ್ ಕೂರೋ ಮಿಕ್ಸರ್ ಜಾಗ. ಅವರು ಸದ್ದು ಹೊಂದಿಸೋದು ತಮ್ಮ ಕಿವಿಗೆ ಬೀಳೋದನ್ನ ಕೇಳಿ. ಹಾಗಾಗಿ ಅವರ ಮುಂದೆ ನಾಲ್ಕು ಹೆಜ್ಜೆಯಲ್ಲಿ ನಿಂತವನಿಗೆ ಒಳ್ಳೇ ಸದ್ದು ಪುಕ್ಕಟೆ ಸಿಗುತ್ತೆ. ಸ್ಟೇಜಿಗೆ ಅಂಟಿಕೊಂಡು ಮಧ್ಯದಲ್ಲಿ ನಿಂತ್ರೆ ಡ್ರಮ್ಸ್, ಗಿಟಾರ್ ಆಂಪ್ ನೇರ ಕಿವಿಗೆ ಬಡಿಯುತ್ತೆ, ದನಿ ಮಾತ್ರ ತಲೆ ಮೇಲಿಂದ ಹಾರಿ ಹಿಂದಕ್ಕೆ ಹೋಗುತ್ತೆ. ಮುಖ ನೋಡಬೇಕು ಅನ್ನೋ ಆಸೆ ಇದ್ರೆ ಎರಡು ಹಾಡು ಅಲ್ಲಿದ್ದು ಹಿಂದೆ ಬನ್ನಿ. ಗೋಡೆ ಪಕ್ಕ, ಬಾಲ್ಕನಿ ಕೆಳಗೆ ಬೇಸ್ ಕೂತುಬಿಡುತ್ತೆ, ಎಲ್ಲ ಮಬ್ಬು.

ದೊಡ್ಡ ಬಯಲಾದ್ರೆ ಇನ್ನೊಂದು ಮಾತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ, 100 ಮೀಟರ್ ಹಿಂದೆ ನಿಂತವರಿಗೆ ಡ್ರಮ್ಮಿನ ಏಟು ಕಣ್ಣಿಗೆ ಕಂಡ ಮೇಲೆ ಕೇಳಿಸೋಕೆ ಹತ್ತಿರ ಹತ್ತಿರ ಸೆಕೆಂಡಿನ ಮೂರನೇ ಒಂದು ಭಾಗ ತಡ. ಅಷ್ಟು ಹಿಂದೆ ನಿಲ್ಲಲೇಬೇಕಾದ್ರೆ ಬಯಲಿನ ಮಧ್ಯೆ ನೆಟ್ಟಿರೋ ಎರಡನೇ ಸಾಲಿನ ಸ್ಪೀಕರ್ ಗೋಪುರಗಳನ್ನ ನೋಡಿ ಅವುಗಳಿಗೆ ಎದುರಾಗಿ, ಒಂದಷ್ಟು ದೂರ ಬಿಟ್ಟು ನಿಲ್ಲಿ.

ಕಿವಿಗೆ ಇಯರ್‌ಪ್ಲಗ್ ಹಾಕ್ಕೊಳ್ಳಿ. ನಾಚಿಕೆ ಬೇಡ, ಬಾರಿಸೋರೇ ಹಾಕಿರ್ತಾರೆ. 85 ಡೆಸಿಬೆಲ್‌ಗೆ ಎಂಟು ಗಂಟೆ ಸುರಕ್ಷಿತ ಅಂತ ಲೆಕ್ಕ, ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಹೊತ್ತು ಅರ್ಧ ಆಗ್ತಾ ಹೋಗುತ್ತೆ. 100ಕ್ಕೆ ಹೋದ್ರೆ ಉಳಿಯೋದು 15 ನಿಮಿಷ, ಶೋ ನಡೆಯೋದು ಎರಡು ಗಂಟೆ. ಸ್ಪಂಜಿನದು ಅಗ್ಗ, ಆದ್ರೆ ದನಿ ಮಂಕಾಗುತ್ತೆ, ಸಂಗೀತಕ್ಕೆ ಅಂತಲೇ ಫಿಲ್ಟರ್ ಇರೋದು ಬರ್ತವೆ, ಅದು ತಗೊಳ್ಳಿ. ಸ್ಪಂಜಿನದೇ ಆದ್ರೆ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆದು, ಇನ್ನೊಂದು ಕೈಯಲ್ಲಿ ಕಿವಿಯನ್ನ ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬೋ ತನಕ ಬೆರಳು ತೆಗೀಬೇಡಿ. ಸುಮ್ಮನೆ ತುದಿಗೆ ಸಿಕ್ಕಿಸಿದ್ರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಗೇಟ್ ತೆರೆಯೋ ಹೊತ್ತಿನ ನೂಕುನುಗ್ಗಲಿಗೆ ಮಾತ್ರ ಸೇರಬೇಡಿ. 1979ರ ಡಿಸೆಂಬರ್ 3ಕ್ಕೆ ಸಿನ್ಸಿನಾಟಿಯಲ್ಲಿ ದ ಹೂ ಶೋಗೆ ಬಂದವರಲ್ಲಿ 11 ಜನ ಬಾಗಿಲ ಹತ್ತಿರವೇ ತೀರಿಕೊಂಡರು. ಒಳಗಿನ ಸೌಂಡ್‌ಚೆಕ್ (ಶೋಗೆ ಮುಂಚೆ ಸದ್ದು ಹೊಂದಿಸಿ ನೋಡೋದು) ಕೇಳಿಸಿ ಶೋ ಶುರುವಾಯ್ತು ಅಂತ ಜನ ನುಗ್ಗಿದ್ರು ಅಂತ ಆಗ ವರದಿಯಾಗಿತ್ತು. ಒಳಗೂ ಒತ್ತಡ ಜಾಸ್ತಿ ಆದ್ರೆ ಎರಡೂ ಕೈ ಎದೆ ಮುಂದೆ ಮಡಚಿ ಉಸಿರಿಗೆ ಜಾಗ ಇಟ್ಕೊಳ್ಳಿ, ಎದುರು ತಳ್ಳಬೇಡಿ, ಅಲೆ ಸಡಿಲ ಆದಾಗ ಓರೆಯಾಗಿ ಪಕ್ಕಕ್ಕೆ ಜಾರಿ.

ಕೊನೆಗೆ ನಾನು ಕಣ್ಣಾರೆ ನೋಡಿದ್ದರಲ್ಲಿ ಮೆಚ್ಚಿದ್ದು. ದೊಡ್ಡ ಬ್ಯಾಂಡಲ್ಲ, ಇನ್ನೂರು ಜನರ ಹಾಲು. ಹಾಡಿನ ಮಧ್ಯೆ ಫ್ಯೂಸ್ ಹೋಯ್ತು. ಗಿಟಾರ್, ಬೇಸ್, ಮೈಕ್, ಲೈಟು, ಎಲ್ಲ ಒಟ್ಟಿಗೆ ಸತ್ತವು. ಡ್ರಮ್ಮಿಗೆ ಕರೆಂಟ್ ಬೇಡವಲ್ಲ, ಆ ಹುಡುಗ ನಿಲ್ಲಿಸಲೇ ಇಲ್ಲ. ಏಟು ಚೂರು ತಗ್ಗಿಸಿದ, ಅಷ್ಟೇ. ಹಾಡ್ತಿದ್ದವಳು ಸ್ಟೇಜಿನ ಅಂಚಿಗೆ ಬಂದು ಕೂತು ಬರೀ ಗಂಟಲಲ್ಲಿ ಪಲ್ಲವಿ ಎತ್ತಿದಳು, ನಾವೆಲ್ಲ ಕತ್ತಲಲ್ಲಿ ಚಪ್ಪಾಳೆ ತಟ್ಟುತ್ತಾ ಸೇರಿಕೊಂಡ್ವಿ. ಕರೆಂಟ್ ಬಂದಾಗ ಗಿಟಾರಿನವನು ವಾಲ್ಯೂಮ್ ಇಳಿಸೋದು ಮರೆತಿದ್ದ, 'ಢಂ' ಅಂತ ಎಲ್ಲರೂ ಬೆಚ್ಚಿಬಿದ್ವಿ. ಅವನು ನಗ್ತಾ ಸರಿಯಾದ ತಾಳಕ್ಕೆ ಬಂದು ಸೇರಿದ. ಅದನ್ನ ಯಾರೂ ರೆಕಾರ್ಡ್ ಮಾಡಿಲ್ಲ.

ನಿಮ್ಮ ಟಿಕೆಟಲ್ಲಿ ಸೀಟ್ ನಂಬರ್ ಇದೆಯೋ, ನಿಂತು ನೋಡೋದೋ ಅಂತ ನೀವು ಬರೆದಿಲ್ಲ. ಹಾಲೋ ಬಯಲೋ ಅನ್ನೋದನ್ನೂ ಸೇರಿಸಿ ಕೆಳಗೆ ಹಾಕಿ, ಮಿಕ್ಸರ್ ಎಲ್ಲಿ ಇಡಬಹುದು ಅಂತ ಲೆಕ್ಕ ಹಾಕಿ ಹೇಳ್ತೀನಿ.